ಮೂಗಿನ ಸಾಲ

ದುರ್ಗಿಗುಡಿಯ ಅಕ್ವೇರಿಯಂ ಅಂಗಡಿ. ಕೊನೆಯ ತೊಟ್ಟಿಯಲ್ಲಿ
ಮರಳು ಹೊದ್ದ ಸಿಹಿನೀರ ತೊರಕೆ,
ಕಾವಲಿಯಷ್ಟಗಲ. ಬೆನ್ನಲ್ಲಿ ಕಣ್ಣು, ಹೊಟ್ಟೆಯ ಕಡೆ ಬಾಯಿ.
ತಾನುಣ್ಣುವುದನ್ನು ಒಮ್ಮೆಯೂ ಕಂಡದ್ದಿಲ್ಲ.

ಸೀಗಡಿ ಬಿಡುತ್ತೇನೆ ಆಚೆ ಮೂಲೆಗೆ.
ಮೊದಲು ಏನೂ ಇಲ್ಲ.
ಆಮೇಲೆ ಅಂಚು ಅದುರುತ್ತದೆ, ಸೆರಗಿನ ಹಾಗೆ;
ಅತ್ತ ತೂಗಿ, ಇತ್ತ ತಪ್ಪಿ, ತಿರುಗಿ ಬಂದು
ಮೈಯೆಲ್ಲ ಮುಚ್ಚಳವಾಗಿ ಕವಿದು — ಕಟುಮ್.

ಎರಡು ವರ್ಷದ ಹಿಂದಿನ ಜ್ವರ ನನ್ನ ಮೂಗು ಕೊಂಡೊಯ್ದಿತು.
ಕೈ ಮೂಸಿದರೆ ಬರೀ ಕೈ.
ಭದ್ರಾವತಿ ಬಸ್ಸಲ್ಲಿ ಪಕ್ಕದವರು ಎದ್ದು ಹೋದಾಗಲೇ ಗೊತ್ತು
ನಾನು ನಾರುತ್ತಿದ್ದೇನೆಂದು.

ನಿನ್ನೆ ಇದು ಬಂತು, ಸುತ್ತಿತು, ಮುಟ್ಟದೆ ಹೋಯಿತು.
ಇಮ್ತಿಯಾಜ್ ಸಾಹುಕಾರರು ಬೈದರೂ
ಇಡೀ ಡಬ್ಬಿ ಚೆಲ್ಲಿಬಿಟ್ಟೆ.

ಮನೆಗೊಯ್ಯುವ ಹಾಲು ಹುಳಿಯೋ ಅಲ್ಲವೋ,
ಇನ್ನು ಇದನ್ನೇ ಒಂದು ಮಾತು ಕೇಳಬೇಕು.