ಮೂರನೇ ಮಹಡಿಗಿಂತ ಮೇಲೆ ಬೇಡ

ಆಂತೊಫಗಾಸ್ತದಲ್ಲಿ ನಮಗಿರುವುದು ಹನ್ನೊಂದು ಹೋಟೆಲು,
ಎದುರಿಗೆ ಕಡಲು, ಬೆನ್ನಿಗೆ ಮರುಭೂಮಿ,
ವಾರಕ್ಕೊಮ್ಮೆ ಪಾಳಿ ಮುಗಿಸಿ ಇಳಿದು ಬರುವ
ತಾಮ್ರದ ಗಣಿಯವರು.
ಅವರ ಕೋಣೆ ಯಾರೂ ಮುಟ್ಟುವಂತಿಲ್ಲ,
ಕಂಪನಿ ಇಡೀ ವರ್ಷದ್ದು ಮುಂಗಡ ಕಟ್ಟಿದೆ.
ಉಳಿದದ್ದರಲ್ಲಿ ಸಾವಿರದ ನಲವತ್ತು ಭೂಕಂಪ ಪಂಡಿತರನ್ನು
ನಾಲ್ಕು ರಾತ್ರಿ ಮಲಗಿಸಬೇಕು.
ನನ್ನ ಹೆಸರು ಯಾಸ್ನಾ ಓಯಾರ್ಸುನ್.
ಸಮ್ಮೇಳನದ ವಸತಿ ಸಮಿತಿ ಅಂದರೆ
ನಾನು, ಒಂದು ಫೋನು, ಕಾಲು ಅಲ್ಲಾಡುವ ಮೇಜು.

ಮೊದಲ ಅರ್ಜಿ ಲಿಸ್ಬನ್ನಿನಿಂದ ಬಂತು.
'ವಿಶೇಷ ಬೇಡಿಕೆ' ಎಂಬಲ್ಲಿ ಒಂದೇ ಸಾಲು:
ಮೂರನೇ ಮಹಡಿಗಿಂತ ಮೇಲೆ ಬೇಡ.
ಎರಡನೆಯದೂ ಹಾಗೇ. ಇಪ್ಪತ್ತನೆಯದೂ.
ಒಬ್ಬರಿಗೆ ಹಾಸಿಗೆಯ ತಲೆದೆಸೆಯಲ್ಲಿ ಚಿತ್ರಪಟ ತೂಗಬಾರದು.
ಇನ್ನೊಬ್ಬರು ಕೇಳಿದರು:
ಮೇಜಿನ ಕೆಳಗೆ ಹಿಡಿಸುತ್ತೇನೆಯೇ? ನನ್ನ ಎತ್ತರ ಆರಡಿ ಎರಡಂಗುಲ.

ಟೇಪು ಹಿಡಿದು ಹೋದೆ, ಹೋಟೆಲಿಂದ ಹೋಟೆಲಿಗೆ.
ಮೇಜಿನಡಿ ನಾನೇ ನುಸುಳಿ ನೋಡಿದೆ.
ಅಲ್ಲಿ ಕಲ್ಲಾದ ಬಬಲ್‌ಗಮ್ಮು, ಯಾರದೋ ಒಂಟಿ ಕಿವಿಯೋಲೆ,
ಬಡಗಿ ಅಳಿಸಲು ಮರೆತ ಪೆನ್ಸಿಲಿನ ಗೀಟು.
ಮೊಣಕಾಲು ಮಡಚಿದರೆ ಹಿಡಿಸುತ್ತೀರಿ, ಎಂದು ಬರೆದೆ.

ದೊಡ್ಡ ಹೋಟೆಲಿನ ದೊನ್ ಬಾಲ್ದೊಮೆರೊ
ತಲೆಯ ಮೇಲೆ ಕೈ ಹೊತ್ತು ಕೂತ:
"ಹದಿನಾಲ್ಕನೇ ಮಹಡಿ! ಕಿಟಕಿ ತೆರೆದರೆ ಇಡೀ ಪೆಸಿಫಿಕ್!
ಹೊಸದಾಗಿ ಮದುವೆಯಾದವರು ಸಾಲ ಮಾಡಿ ಬರುತ್ತಾರೆ.
ನಿನ್ನ ಪಂಡಿತರಿಗೆ ಅಡುಗೆಮನೆಯ ಹೊಗೆ ಬೇಕಂತೆ!"
ಅಧ್ಯಕ್ಷರಿಗೆ ಪುಕ್ಕಟೆ ಕೊಡುತ್ತೇನೆಂದ.
ಅಧ್ಯಕ್ಷರು ಕೃತಜ್ಞತೆ ತಿಳಿಸಿ
ಎರಡನೇ ಮಹಡಿಯನ್ನೇ ಕೇಳಿದರು, ದುಡ್ಡು ಕೊಟ್ಟು.

ಆಮೇಲೆ ಬಂದರು ನೀರಿನವರು.
ಅದೇ ಸಮ್ಮೇಳನ, ಪಕ್ಕದ ಸಭಾಂಗಣ: ಸುನಾಮಿ ಗೋಷ್ಠಿ.
ಐದಕ್ಕಿಂತ ಕೆಳಗೆ ಬೇಡ. ಸಾಧ್ಯವಾದರೆ ಗುಡ್ಡದ ಕಡೆ.
ಗಂಡ ನೆಲದವನು, ಹೆಂಡತಿ ನೀರಿನವಳು,
ಜೊತೆಗೇ ಪ್ರಬಂಧ ಬರೆಯುವ ಒಂದು ಜೋಡಿ
ಎರಡು ಕೋಣೆ ಕೇಳಿದರು, ಒಂದು ಕೆಳಗೆ, ಒಂದು ಮೇಲೆ.
ಬಿಲ್ಲು ಮಾತ್ರ ಒಂದೇ ಇರಲಿ ಅಂದರು.

ಯಾರಿಗೂ ಬೇಡವಾಗಿ ಉಳಿಯಿತು ನಾಲ್ಕನೇ ಮಹಡಿ.
ಕಂಪನಿಯನ್ನು ಕಾಡಿ ಬೇಡಿ ಗಣಿಯವರನ್ನು ಅಲ್ಲಿಗೆ ಸರಿಸಿದೆ.
ಅವರು ಏನೂ ಕೇಳುವುದಿಲ್ಲ.
ಬೂಟು ಬಾಗಿಲಾಚೆ ಬಿಟ್ಟು ಹನ್ನೆರಡು ಗಂಟೆ ಮಲಗುತ್ತಾರೆ.
ಏಳು ದಿನ ಬೆಟ್ಟಕ್ಕೆ ಮದ್ದಿಟ್ಟು ನಡುಗಿಸಿ ಬಂದವರಿಗೆ
ನೆಲದ ನಡುಕ ಯಾವ ಲೆಕ್ಕ.

ಕೊನೆಯ ವಾರ ಅದಪಜಾರಿಯಿಂದ ಒಂದು ಅರ್ಜಿ.
ಫೆರಿದುನ್ ಎಂಬವರು, ಎಪ್ಪತ್ತೊಂದು ವರ್ಷ.
ಬೇಡಿಕೆಯ ಜಾಗದಲ್ಲಿ ಪ್ರಶ್ನೆ:
"ನೀವು ಎಲ್ಲಿ ಮಲಗುತ್ತೀರಿ?"

ಎರಡು ದಿನ ಉತ್ತರಿಸಲಿಲ್ಲ.
ಆಮೇಲೆ ಬರೆದೆ:
ಒಂಬತ್ತನೇ ಮಹಡಿ. ಲಿಫ್ಟು ಕೆಡುತ್ತಿರುತ್ತದೆ, ಬಾಡಿಗೆ ಕಡಿಮೆ.
ಹಾಸಿಗೆ ಬಾಗಿಲ ಬಳಿ. ಬೀಗದಕೈ ಬಲಗಾಲಿನ ಬೂಟಿನೊಳಗೆ.
ಅಮ್ಮ ಗಾಜಿನ ಸಾಮಾನು ಮೇಲಿನ ಕಪಾಟಿನಲ್ಲಿ ಇಡುವುದಿಲ್ಲ.
ಭಯ ಅಂತಲ್ಲ,
ಮಲಗುವ ಮುಂಚೆ ಒಲೆ ಆರಿದೆಯೇ ನೋಡುತ್ತೇವಲ್ಲ, ಹಾಗೆ.

"ಬೂಟು ನನಗೆ ಹೊಳೆದಿರಲಿಲ್ಲ," ಎಂದು ಬಂತು ಮರುತ್ತರ.
"ಯಾವುದು ಉಳಿದಿದೆಯೋ ಅದು ಕೊಡಿ."
ಗಣಿಯವರ ಸಾಲಿನಲ್ಲೇ ಒಂದು ಹುಡುಕಿದೆ, ನಾನೂರ ಹನ್ನೆರಡು.

ಶುಕ್ರವಾರ, ಹಿಡಿದಿಟ್ಟ ಕೋಣೆಗಳ ಗಡುವು ಸಂಜೆಗೆ.
ಒಸಾಕಾದ ಏಜೆಂಟು ಫೋನಿನಲ್ಲಿ, ಹದಿನೇಳು ಹೆಸರು,
ಕಾಗುಣಿತ ಒಂದೊಂದಾಗಿ ಹೇಳುತ್ತಿದ್ದಾನೆ.
ಪೆನ್ಸಿಲು ತಾನಾಗೇ ಹೊರಳಿತು, ಮೇಜಿನ ಅಂಚಿನವರೆಗೆ.
ಕಿಟಕಿಯ ಗಾಜು ಹಲ್ಲು ಕಡಿಯಿತು.
ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಸುಮ್ಮನಾದವು.
"ಒಂದು ನಿಮಿಷ, ದಯವಿಟ್ಟು," ಅಂದೆ.

ನಿಂತಿತು.

"ಹೇಳಿ ಸರ್, ಹನ್ನೊಂದನೆಯವರು. ತಿಂಡಿ ಸೇರಿಸಿಯೇ?"
ಅತ್ತ ಕಡೆ ಮೌನ. ಆಮೇಲೆ ಮೆಲ್ಲಗೆ:
"ಈಗ ಆದದ್ದು... ಅದೇ ತಾನೆ?"
"ಅದೇ."
"ಎಷ್ಟು ಸೆಕೆಂಡು?"
"ಎಣಿಸಲಿಲ್ಲ ಸರ್.
ಕೈಯಲ್ಲಿ ಚಹಾದ ಲೋಟ ಇತ್ತು."