ಟಗರಿನ ಗಂಟೆ

ರಾನ್‌ಫರ್ಲಿಯ ಅಂಗಡಿಯಲ್ಲಿ ಡೂಗಲ್
ವೇಗದ ಮಾತೇ ಎತ್ತಲಿಲ್ಲ.
ಕೂರಿಸಿ ನೋಡು ಅಂದ.
ಏಳರ ಫ್ಲೋರಾ ಕೂತಳು,
ಎರಡು ಪಾದವೂ ನೆಲಕ್ಕೆ ಊರಿದವು, ಹಿಮ್ಮಡಿ ಸಮೇತ.
ಬ್ರೇಕಿಗೆ ಬೆರಳು ಎಟುಕಿದವು.
ಆಮೇಲೆ ಬೈಕನ್ನು ಬೇಕಂತಲೇ ಉರುಳಿಸಿ
ಎತ್ತು ಮಗೂ, ಅಂದ.
ಹಲ್ಲು ಕಚ್ಚಿ ಎತ್ತಿದಳು.
ಚಿಕ್ಕದೇ ಸಾಕು. ಬೆಳೆಯುವ ಮೈಗೆಂದು
ದೊಡ್ಡದು ಕೊಳ್ಳಲು ಅಂಗಿಯಲ್ಲವಲ್ಲ ಇದು.

ವೇಗ ಕಟ್ಟಿಹಾಕುವ ಕೀಲಿ ನನ್ನ ಜೇಬಲ್ಲಿದೆ.
ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಒಂದೇ ಬೆರಳಷ್ಟು ಸಡಿಲ.
ಎಲ್ಲ ಸರಿ. ಆದರೂ

ತಮ್ಮ ಪೆಟ್ರೋಲು ಬೈಕಿನಲ್ಲಿ ಗುಡ್ಡ ದಾಟಿದರೆ
ಅಮ್ಮ ಉಣ್ಣೆ ವಿಂಗಡಿಸುತ್ತಲೇ
ಕಿವಿಯಲ್ಲಿ ಅವನನ್ನು ಹಿಡಿದಿರುತ್ತಿದ್ದಳು.
ಸದ್ದು ನಿಂತ ದಿನ
ಉಣ್ಣೆ ಅಲ್ಲೇ ಚೆಲ್ಲಿ ಓಡಿದ್ದಳು
ಮುರಿದ ಮೊಣಕೈಯ ಕಡೆಗೆ.

ಇದೋ, ಶುರುವಿನಿಂದಲೇ ಮೌನ.
ಕುರಿಗಳೂ ಕತ್ತೆತ್ತುವುದಿಲ್ಲ.
ದಿಬ್ಬದಾಚೆ ಹುಡುಗಿ ಎದ್ದಳೋ, ಬಿದ್ದಳೋ.

ಕೊಟ್ಟಿಗೆಯಿಂದ ಹಳೇ ಟಗರಿನ ಗಂಟೆ ತಂದು
ಹ್ಯಾಂಡಲಿಗೆ ತಂತಿ ಸುತ್ತಿ ಬಿಗಿದೆ.
ಅಮ್ಮಾ, ನಾನೇನು ಕುರಿಯಾ?
ಹೌದು ಅಂದೆ.
ಮುಖ ಊದಿಸಿಕೊಂಡೇ ಹೋದಳು.

ಪಾತ್ರೆ ತೊಳೆಯುತ್ತಿದ್ದೇನೆ.
ಆಗಾಗ
ನಲ್ಲಿ ನಿಲ್ಲಿಸುತ್ತೇನೆ.