ಹಿನ್ನೆಲೆಯ ನೀಲಿ

ಹಾರುವ ಹಕ್ಕಿ ನನ್ನ ಕೈಗೆ ದಕ್ಕುವುದಿಲ್ಲ.
ಕೂತದ್ದನ್ನಷ್ಟೇ ಹಿಡಿಯುತ್ತೇನೆ.
ಅದೂ ಶುಕ್ರವಾರ, ಅದೂ ನೆಲ ಕಾಯುವ ಮುನ್ನ;
ಎಂಟು ಹೊಡೆದರೆ ಸಾಕು, ಝಳ ಎದ್ದು
ಕಣ್ಣಿಗೆ ನೆಟ್ಟಗಿರುವ ಕೊಂಬೆ ಲೆನ್ಸಿನೊಳಗೆ
ನೀರುಹಾವಿನ ಹಾಗೆ ನುಲಿಯುತ್ತದೆ.

ಸೊಹಾರಿನಲ್ಲಿ ವಾರಕ್ಕೆ ಆರು ದಿನ
ಮೀನಿನ ಶೀತಾಗಾರದ ಕಂಪ್ರೆಸರುಗಳ ನಾಡಿ ಹಿಡಿಯುತ್ತೇನೆ.
ಏಳನೆಯ ದಿನ ಹೆದ್ದಾರಿ ಬಿಟ್ಟು ಒಳಗೆ,
ದನದ ಹುಲ್ಲು ಬೆಳೆಯುವ ತೋಟದ ಬೇಲಿಗೆ.
ಹಳೇ ಯಾರಿಸ್ ಕಾರೇ ಅಡಗುದಾಣ.
ಹರಿದ ಪ್ಯಾಂಟಿನ ಒಂದು ಕಾಲಿಗೆ ಎರಡು ಕಿಲೋ ಹೆಸರುಕಾಳು ತುಂಬಿ
ಎರಡೂ ಬಾಯಿ ಹೊಲಿದು ಕಿಟಕಿಗೆ ಹಾಕಿದರೆ
ಲೆನ್ಸಿಗೆ ದಿಂಬು.
ಇಂಜಿನ್ ಆರಿಸಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು.
ಮಿಕ್ಕದ್ದು ಹಕ್ಕಿಯ ಮರ್ಜಿ.

ರೂಮಿನ ಲ್ಯಾನ್ಸಿ ಅನ್ನುತ್ತಾನೆ: ಅದೂ ವಲಸೆ, ನೀನೂ ವಲಸೆ.
ನನಗೆ ರೇಗುತ್ತದೆ.
ರೆಸಿಡೆಂಟ್ ಕಾರ್ಡಿನ ಫೋಟೋಕ್ಕೆಂದು
ಅದು ಎರಡೂ ಕಿವಿ ತೋರಿಸಿ ಕೂತದ್ದುಂಟೇ?
ಹಕ್ಕಿ ಹಕ್ಕಿಯಾಗಿರಲಿ ಮಾರಾಯ,
ನಮ್ಮ ಗೋಳಿನ ಜೋಳಿಗೆ ಅದರ ಹೆಗಲಿಗೆ ಬೇಡ.

ಮೊದಮೊದಲು ಸಿಕ್ಕ ಕಳಿಂಗಗಳೆಲ್ಲ ಮುಳ್ಳುತಂತಿಯ ಮೇಲೆಯೇ.
ಚಿತ್ರ ನೋಡಿ ಮೊತಾಲೇಬ್ ಮುಖ ಕಿವಿಚಿದ.
ಭೋಲಾದವನು; ಇಲ್ಲಿ ನೀರಿನ ವಾಲ್ವು ತಿರುಗಿಸುವವನು,
ಹಗಲೆಲ್ಲ ಅದೇ ನೀಲಿ ಬಾಯ್ಲರ್ ಸೂಟು.
ಮುಂದಿನ ವಾರ ಬಂದರೆ ಬೇಲಿಗಿಂತ ಎರಡು ಮಾರು ಈಚೆ
ಒಣಗಿದ ಸಮರ್ ಮರದ ಕೊಂಬೆಯೊಂದು ನಿಂತಿದೆ,
ಬುಡಕ್ಕೆ ಕಲ್ಲು ಕೊಟ್ಟು, ಮಣ್ಣು ತುಳಿದು.
‘ಕೊಶಾಯಿಗೆ ಮುಳ್ಳು ಬೇಕು,’ ಅಂದ.
ಕೊಶಾಯಿ ಅಂದರೆ ಕಟುಕ; ಅವರ ಕಡೆ ಅದಕ್ಕೆ ಅದೇ ಹೆಸರು.

ಅದು ಬಂತು. ನಿಜಕ್ಕೂ ಬಂತು.
ಕಣ್ಣಿಗೆ ಕಳ್ಳನ ಕಪ್ಪು ಪಟ್ಟಿ, ಕೊಕ್ಕಿನಲ್ಲಿ ಇನ್ನೂ ಕಾಲಾಡಿಸುವ ಜೀರುಂಡೆ.
ಮುಳ್ಳಿಗೆ ಚುಚ್ಚಿ, ಎರಡು ಸಲ ಎಳೆದು, ಗಟ್ಟಿಯಾಯಿತೋ ಎಂದು ನೋಡಿತು,
ಅಂಗಡಿ ತೆರೆದವನು ಕೊಕ್ಕೆಗೆ ಕುರಿ ತೂಗುಹಾಕುವ ಹಾಗೆ.
ಗರಿಯ ಎಳೆ ಎಳೆ ಎಣಿಸಬಹುದು. ಹಿಂದೆ
ಕಲಸಿಟ್ಟ ಹಾಗೆ ತಣ್ಣಗಿನ ನೀಲಿ.

ಮಸ್ಕತ್ತಿನ ಕ್ಲಬ್ಬಿನಲ್ಲಿ ಎರಡನೇ ಬಹುಮಾನ.
ಕನ್ನಡಕದ ಹೆಂಗಸು ಕೇಳಿದಳು: ಆ ನೀಲಿ ಸಮುದ್ರವೇ?
ಹೌದು ಎಂದುಬಿಟ್ಟೆ.

ಗೊತ್ತಿತ್ತು ನನಗೆ.
ಆ ಬೆಳಿಗ್ಗೆ ಕಾರಿನೊಳಗಿಂದ ಕೈಸನ್ನೆ ಮಾಡಿದ್ದೆ,
ಅಲ್ಲಾಡಬೇಡ, ಹಕ್ಕಿ ಹೆದರೀತು.
ವಾಲ್ವಿಗೆ ಬಗ್ಗಿದವನು ಬಗ್ಗಿದ ಹಾಗೇ ಉಳಿದ.
ನಾಲ್ಕು ನಿಮಿಷ; ಕ್ಯಾಮೆರಾದಲ್ಲಿ ಗಳಿಗೆಗಳ ಲೆಕ್ಕ ಇರುತ್ತದೆ.
ಅವನ ಬೆನ್ನು ನನ್ನ ಸಮುದ್ರ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದುಕೊಟ್ಟೆ.
ಕೊಂಬೆ ಎಲ್ಲಿ ಮುಗಿಯುತ್ತದೆಂದು ಮೊದಲು ಹುಡುಕಿದ.
ಬುಡ ಕತ್ತರಿಸಿದ್ದೆ. ಅವನ ಕಲ್ಲುಗಳೂ ಇರಲಿಲ್ಲ.
ಆಮೇಲೆ ಹೇಳಿದೆ, ನೀಲಿಯ ಮೇಲೆ ಬೆರಳಿಟ್ಟು.
ಹತ್ತಿರ ಹಿಡಿದ, ದೂರ ಹಿಡಿದ, ಓರೆಯಾಗಿ ಹಿಡಿದ.
‘ತೆಳ್ಳಗಾಗಿದ್ದೇನೆ,’ ಎಂದು ನಕ್ಕ.

ಈ ಶುಕ್ರವಾರ ಕೆಂಪಂಗಿ ತೊಟ್ಟು ಬಂದಿದ್ದಾನೆ,
ಈದಿನದ್ದು, ಮಡಿಕೆ ಮಾಸಿಲ್ಲ.
ವಾಲ್ವಿನ ಹತ್ತಿರ ಬೇಕೆಂದೇ ನೆಟ್ಟಗೆ ನಿಂತಿದ್ದಾನೆ.
ಕೊಂಬೆಯ ಮೇಲೆ ಕಳಿಂಗ.
ಲೆನ್ಸಿನ ಕಿಂಡಿ ಕಿರಿದು ಮಾಡುತ್ತ ಹೋದೆ,
ಟೋಪಿ ಯಾವುದು, ಕೈ ಯಾವುದು ತಿಳಿಯುವಷ್ಟು.
ಬೆಳಕು ಸಾಲದೆ ಶಟರ್ ನಿಧಾನವಾಯಿತು, ಹಕ್ಕಿ ತಲೆ ತಿರುಗಿಸಿತು.

ಬಂದು ನೋಡಿದ. ನಾಲಿಗೆ ಲೊಚಗುಟ್ಟಿದ.
‘ಹಕ್ಕಿ ಹಾಳಾಯಿತಲ್ಲ. ಇನ್ನೊಂದು ತೆಗಿ.’
ಎಂಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು.